ಇನ್ನೂ ಇದ್ದೀಯಾ?

ಸೈರುಸಿಯ ನಾಲಿಗೆ ಸರಿಯಿಲ್ಲ ಅಂತ ನನ್ನ ಹತ್ತಿರ ದೂರು ತಂದವರು ಒಬ್ಬಿಬ್ಬರಲ್ಲ. ನಮ್ಮ ದ್ವೀಪದೇಶದ ರಾಜಧಾನಿ ಸುವಾದ ಈ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರು ನನ್ನ ಉಸ್ತುವಾರಿಯಲ್ಲಿದೆ. ಸೈರುಸಿ ನನ್ನ ಕೈಕೆಳಗಿನವನು, ಆದ್ದರಿಂದ ಅವನ ನಾಲಿಗೆಯೂ ನನ್ನ ಉಸ್ತುವಾರಿಗೇ ಸೇರಿದ್ದು ಅಂತ ಎಲ್ಲರ ತೀರ್ಮಾನ. ನ್ಯೂಜಿಲೆಂಡಿನಿಂದ ಹೊಸದಾಗಿ ಬಂದಿದ್ದ ಪ್ರೊಫೆಸರೊಬ್ಬರು ಒಂದು ದಿನ ಮುಖ ಕೆಂಪಗೆ ಮಾಡಿಕೊಂಡು ನನ್ನ ಮೇಜಿನ ಮುಂದೆ ನಿಂತರು.

"ಮಿಸೆಸ್ ನಾಯ್ಕರ್, ನಿಮ್ಮ ಆ ಮನುಷ್ಯ ಒಬ್ಬ ವಿದ್ಯಾರ್ಥಿನೀನ 'ಇನ್ನೂ ಇದ್ದೀಯಾ? ಸತ್ತಿಲ್ವಾ?' ಅಂತ ಕೇಳಿದ. ನನ್ನ ಕಿವಿಯಾರೆ ಕೇಳಿದೆ."

"ಅದಕ್ಕೆ ಅವಳೇನಂದ್ಲು ಸರ್?"

"ನಿನ್ನ ಗುಂಡಿಗೆ ಮಣ್ಣು ಎಳೆದು ಆಮೇಲೆ ಹೋಗ್ತೀನಿ ಅಂದ್ಲು."

"ಹಾಗಾದ್ರೆ ಎಲ್ಲಾ ಸರಿಯಾಗೇ ಇದೆ. ಅವರಿಬ್ರೂ ತೌವು."

ಪ್ರೊಫೆಸರು ಇನ್ನೇನೋ ಕೇಳುವವರಿದ್ದರು. ನಾನು ಮುಂದಿನವರನ್ನು ಕರೆದೆ. ನನಗೆ ಅಷ್ಟು ತಾಳ್ಮೆ ಇಲ್ಲ.

ಸೈರುಸಿಯ ಊರಿಗೂ ಆ ಹುಡುಗಿ ವಸಿತಿಯ ಊರಿಗೂ ನಡುವೆ ಹಡಗಿನಲ್ಲಿ ಒಂದು ರಾತ್ರಿಯ ದಾರಿ. ಆದರೆ ಎರಡೂ ದ್ವೀಪದವರ ಮೂಲಪುರುಷ ಒಬ್ಬನೇ ದೇವರು ಅಂತೆ. ಹಾಗಾಗಿ ಅವರು ಒಬ್ಬರಿಗೊಬ್ಬರು ತೌವು: ಆ ಊರಿನವರು ಈ ಊರಿನವರನ್ನು ಎಲ್ಲೇ ಕಂಡರೂ ಬಾಯಿಗೆ ಬಂದ ಹಾಗೆ ಬೈಯಬಹುದು, ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಹೋಗಬಹುದು. ಬೈಸಿಕೊಂಡವರು ತಿರುಗಿ ಬೈಯಬೇಕು, ಕಳೆದುಕೊಂಡವರು ಇನ್ನೊಂದನ್ನು ಕಿತ್ತುಕೊಳ್ಳಬೇಕು. ಸಿಟ್ಟು ಮಾಡಿಕೊಂಡವರದೇ ತಪ್ಪು. ಕಿತ್ತುಕೊಂಡದ್ದನ್ನು ವಾಪಸ್ ಕೊಡುವುದಂತೂ ಇಲ್ಲವೇ ಇಲ್ಲ. ಕೊಟ್ಟರೆ ಸಂಬಂಧ ಬೇಡ ಅಂದ ಹಾಗೆ ಅಂತ ಸೈರುಸಿ ಹೇಳುತ್ತಿದ್ದ. ಭಾರತ ಮೂಲದ ನಮ್ಮ ಜನರಲ್ಲಿ ಇಂಥದ್ದಿಲ್ಲ. ನಮ್ಮಲ್ಲಿ ಬೈದರೆ ಬೈದದ್ದೇ, ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತೇವೆ.

ಸೈರುಸಿಗೆ ನಲವತ್ತು ದಾಟಿದೆ, ದೊಡ್ಡ ಹೊಟ್ಟೆ, ಇಗರ್ಜಿಯಲ್ಲಿ ಹಾಡುವ ಗಂಟಲು. ವಸಿತಿ ಮೂರನೆಯ ವರ್ಷದ ವಿದ್ಯಾರ್ಥಿನಿ, ಅವನ ಭುಜದಷ್ಟು ಎತ್ತರ. ಬಾಯಲ್ಲಿ ಮಾತ್ರ ಅವನಿಗಿಂತ ಒಂದು ಕೈ ಮೇಲು. ಅವಳ ಹೆಗಲಲ್ಲಿ ಯಾವಾಗಲೂ ಒಂದು ಯುಕುಲೇಲಿ, ಆ ನಾಲ್ಕು ತಂತಿಯ ಪುಟ್ಟ ಗಿಟಾರು, ನೇತಾಡುತ್ತಿತ್ತು. ಅವಳ ಅಜ್ಜ ಕೈಯಾರೆ ಕೆತ್ತಿ ಮಾಡಿದ್ದು. ಎರಡು ವರ್ಷದಿಂದ ಸೈರುಸಿಯ ಕಣ್ಣು ಅದರ ಮೇಲೆ.

"ಮುದುಕ, ನಿನ್ನ ಆ ಬೆರಳು ನೋಡು, ಒಂದೊಂದೂ ಮರಗೆಣಸಿನ ಹಾಗಿದೆ. ಇದನ್ನ ಮುಟ್ಟಿದ್ರೆ ತಂತಿ ಅಳುತ್ತೆ."

"ಅಳ್ಲಿ ಬಿಡು. ನಿನ್ನ ಹಾಡು ಕೇಳಿ ಕೇಳಿ ಅದು ದಿನಾ ಅಳ್ತಾನೇ ಇದೆ."

ಆಮೇಲೆ ಅವಳು ಅವನ ಛತ್ರಿ ಎತ್ತಿಕೊಂಡು ಹೋಗುವುದು, ಅವನು ಅವಳ ಟೀ ಫ್ಲಾಸ್ಕ್ ಕಸಿದು ಮೇಜಿನ ಕೆಳಗೆ ಬಚ್ಚಿಡುವುದು. ಇಡೀ ಗ್ರಂಥಾಲಯಕ್ಕೆ ಕೇಳುವಂತೆ "ಶ್" ಅನ್ನುವುದು ನನ್ನ ಪಾಲಿಗೆ.

ಹೋದ ವರ್ಷದ ಕೊನೆಯಲ್ಲಿ ನಮ್ಮ ಹಾಸ್ಟೆಲಿನ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಅವನ ಹೆಸರು ಇಲ್ಲಿ ಬೇಡ. ಕ್ಯಾಂಟೀನಿನವರಿಗೆ ಅವನು ಗೊತ್ತು, ಬಸ್ಸಿನ ಡ್ರೈವರಿಗೆ ಗೊತ್ತು, ಫೀಸಿನ ಕಿಟಕಿಯವರಿಗೆ ಗೊತ್ತು, ನಮಗೂ ಗೊತ್ತು. ಎಲ್ಲರೂ ಒಂದೇ ಮಾತು ಹೇಳಿದೆವು: ಏನೂ ಗೊತ್ತಾಗಲಿಲ್ಲ. ಆ ಮಾತು ಮೇಲಿನವರಿಗೆ ನಾಟಿತೋ ಏನೋ, ಈ ವರ್ಷ ಕ್ಲಾಸು ಶುರುವಾಗುತ್ತಿದ್ದಂತೆ ತೋಟದ ಮಾಲಿಯಿಂದ ಹಿಡಿದು ರಿಜಿಸ್ಟ್ರಾರ್ ತನಕ ಎಲ್ಲ ನೌಕರರಿಗೂ ತರಬೇತಿ ಅಂತ ಆದೇಶ ಬಂತು. ಬದುಕು ಬೇಡ ಅನ್ನಿಸಿದ ವಿದ್ಯಾರ್ಥಿಯನ್ನು ಗುರುತಿಸುವುದು ಹೇಗೆ, ಕೇಳುವುದು ಹೇಗೆ, ಕೇಳಿದ ಮೇಲೆ ಏನು ಮಾಡಬೇಕು ಅನ್ನುವುದೇ ಅದರ ವಿಷಯ.

ಕಲಿಸಲು ಬ್ರಿಸ್ಬೇನಿನಿಂದ ಬ್ರೊನ್ವಿನ್ ಅಂತ ಒಬ್ಬಳು ಬಂದಳು. ಮೊದಲು ಅವಳನ್ನು ಚಾಪೆಯ ಮೇಲೆ ಕೂರಿಸಿ ಯಂಗೋನ ಕುಡಿಸಿ ಸ್ವಾಗತ ಮಾಡಿದರು. ಕೆಸರು ಬಣ್ಣದ ಆ ಕಹಿ ನೀರನ್ನು ಅವಳು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಮುಗಿಸಿದ್ದು ನೋಡಿ ನಮ್ಮವರಿಗೆ ಒಪ್ಪಿಗೆಯಾಯಿತು. ಆಮೇಲೆ ಎಡವಟ್ಟು ಶುರುವಾಯಿತು. "ಇಲ್ಲೀವರೆಗೆ ಅರ್ಥ ಆಯ್ತಾ?" ಅಂತ ಅವಳು ಕೇಳಿದಾಗಲೆಲ್ಲ ಇಡೀ ಸಭಾಂಗಣ ಹುಬ್ಬು ಎತ್ತಿತು. ಅವಳು ನಮಗೆ ಆಶ್ಚರ್ಯವಾಗಿದೆ ಅಂದುಕೊಂಡು ಅದನ್ನೇ ಮತ್ತೆ ಮೊದಲಿನಿಂದ ಹೇಳಿದಳು. ಮತ್ತೆ ಹುಬ್ಬು, ಮತ್ತೆ ಮೊದಲಿನಿಂದ. ಟೀ ಹೊತ್ತಿಗೆ ನಾನೇ ಹೋಗಿ, "ಅಮ್ಮಾ, ಹುಬ್ಬು ಎತ್ತಿದ್ರೆ ಇಲ್ಲಿ ಹೌದು ಅಂತ ಅರ್ಥ. ನೀವು ಹೀಗೇ ಹೋದ್ರೆ ನಾವು ಕ್ರಿಸ್ಮಸ್ಸನ್ನೂ ಇಲ್ಲೇ ಮಾಡ್ಬೇಕಾಗುತ್ತೆ" ಅಂದೆ. ಪಾಪ, ನಕ್ಕುಬಿಟ್ಟಳು. ಹಲಗೆಯ ಮೇಲೆ ದೊಡ್ಡದಾಗಿ ಎರಡು ಹುಬ್ಬು ಬರೆದು ಕೆಳಗೆ 'ಹೌದು' ಅಂತ ಬರೆದುಕೊಂಡಳು.

ಅವಳು ಹೇಳಿದ್ದರಲ್ಲಿ ಹುರುಳಿತ್ತು, ಇಲ್ಲ ಅನ್ನುವುದಿಲ್ಲ. ನೇರವಾಗಿ ಕೇಳಿ ಅಂದಳು. ಸುತ್ತಿ ಬಳಸಿ ಅಲ್ಲ, 'ಬೇಜಾರಾಗಿದೆಯಾ, ಸುಸ್ತಾಗಿದೆಯಾ' ಅಂತಲ್ಲ, ಸಾಯಬೇಕು ಅಂತ ಯೋಚನೆ ಮಾಡ್ತಿದೀಯಾ ಅಂತ ಅದೇ ಶಬ್ದದಲ್ಲಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಹೌದು ಅಂದರೆ ಗಾಬರಿ ಬೀಳಬೇಡಿ, ಉಪದೇಶ ಮಾಡಬೇಡಿ, ಒಬ್ಬರನ್ನೇ ಬಿಡಬೇಡಿ, ಕೌನ್ಸೆಲರಿಗೆ ಫೋನ್ ಮಾಡಿ, ಅವರು ಬರುವ ತನಕ ಜೊತೆಗೆ ಕೂತಿರಿ.

ಆಮೇಲೆ ಇಬ್ಬಿಬ್ಬರನ್ನು ಜೋಡಿ ಮಾಡಿ ಅಭ್ಯಾಸ ಮಾಡಿಸಿದಳು. ಸೈರುಸಿಗೆ ಜೋಡಿಯಾಗಿ ಸಿಕ್ಕಿದ್ದು ಕ್ಯಾಂಟೀನಿನ ಮೆರೆಯೋನಿ. ಅವಳು ಅವನಿಗೆ ದೂರದ ವರಸೆಯಲ್ಲಿ ತಂಗಿ. ಅವರಲ್ಲಿ ಅಣ್ಣ ತಂಗಿ ಎದುರಾಬದುರು ಕೂತು ಮಾತಾಡುವ ಹಾಗಿಲ್ಲ. ಇಬ್ಬರೂ ಬೇರೆ ಬೇರೆ ಕಿಟಕಿ ನೋಡುತ್ತ ಗಪ್‌ಚಿಪ್ಪಾಗಿ ಕೂತರು. ಬ್ರೊನ್ವಿನ್ ಹತ್ತಿರ ಬಂದು, "ನೋಡಿ, ಇಂಥಾ ಮೌನಕ್ಕೂ ಬೆಲೆ ಇದೆ" ಅಂತ ಎಲ್ಲರಿಗೂ ತೋರಿಸಿದಳು. ಹಿಂದಿನ ಸಾಲಿನ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ನನ್ನನ್ನು ಅವನ ಮುಂದೆ ಕೂರಿಸಿದರು. ನಾನು ಬೇಸತ್ತ ವಿದ್ಯಾರ್ಥಿನಿ, ಅವನು ನನ್ನನ್ನು ಆ ಮಾತು ಕೇಳಬೇಕು. ಅವನು ಬೆವರು ಒರೆಸಿಕೊಂಡ, ಕೆಮ್ಮಿದ, ಕೊನೆಗೆ, "ದೀದಿ, ನೀವು... ಟೀ ಕುಡೀತೀರಾ?" ಅಂದ.

ಎರಡನೆಯ ದಿನ ಗುರುತಿಸುವುದರ ಪಾಠ. ನಿದ್ದೆ ಬಿಡುವುದು, ಜನರಿಂದ ದೂರವಾಗುವುದು, ಇದ್ದಕ್ಕಿದ್ದಂತೆ ಶಾಂತವಾಗುವುದು ಅಂತೆಲ್ಲ ಹೇಳಿ ಬ್ರೊನ್ವಿನ್, "ಕೆಲವರು ತಮಗೆ ತುಂಬಾ ಇಷ್ಟವಾದ ವಸ್ತುಗಳನ್ನ ಬೇರೆಯವರಿಗೆ ಕೊಟ್ಟುಬಿಡ್ತಾರೆ" ಅಂದಳು.

ಸೈರುಸಿ ಎದ್ದು ನಿಂತ. "ಹಂಗಾದ್ರೆ ನನ್ನ ತೌವುಗಳೆಲ್ಲಾ ಹೊರಟು ನಿಂತಿದಾರೆ ಮೇಡಂ. ಅವರ ಸಾಮಾನೆಲ್ಲಾ ನನ್ನ ಮನೇಲೇ ಇದೆ."

ಸಭಾಂಗಣದ ಮಾಡು ಹಾರಿಹೋಗುವ ಹಾಗೆ ನಗು. ಬ್ರೊನ್ವಿನ್‌ಗೆ ತೌವು ಅಂದರೇನು ಅಂತ ಹತ್ತು ಜನ ಒಟ್ಟಿಗೆ ವಿವರಿಸಿದರು. ಅವಳು ಕೇಳಿಸಿಕೊಂಡಳು, ತಾನೂ ನಕ್ಕಳು, ಆಮೇಲೆ ಒಂದು ಪ್ರಶ್ನೆ ಕೇಳಿದಳು. "ಅವರಾಗೇ ಕೊಡ್ತಾರಾ, ನೀವು ಕಿತ್ಕೋತೀರಾ?"

"ಅವರಾಗೇ ಕೊಟ್ರೆ ಅದರಲ್ಲೇನು ಮಜಾ ಮೇಡಂ?"

ತರಬೇತಿ ಮುಗಿದವರಿಗೆಲ್ಲ ಅಂಗಿಗೆ ಚುಚ್ಚಿಕೊಳ್ಳಲು ಹಸಿರು ಬಿಲ್ಲೆ ಕೊಟ್ಟರು. 'ನನ್ನ ಹತ್ತಿರ ಮಾತಾಡಿ' ಅಂತ ಅದರ ಮೇಲೆ ಬರೆದಿತ್ತು. ಮರುದಿನ ಸೈರುಸಿ ಅದನ್ನು ಎದೆಯ ಮೇಲೆ ಚುಚ್ಚಿಕೊಂಡು ಕೂತಿದ್ದಾಗ ವಸಿತಿ ಬಂದಳು.

"ನಿನ್ನ ಹತ್ರ ಮಾತಾಡಿದ್ರೆ ಇರೋ ಚೂರುಪಾರು ಆಸೇನೂ ಹೋಗುತ್ತೆ ಕಣೋ" ಅಂದು ಬಿಲ್ಲೆ ಕಿತ್ತುಕೊಂಡು ಹೋದಳು. ಅವನಿಗೆ ಇನ್ನೊಂದು ಬಿಲ್ಲೆ ಕೊಡಿಸಲು ನಾನು ಆಡಳಿತ ಕಚೇರಿಗೆ ಎರಡು ಸಲ ಓಡಾಡಬೇಕಾಯಿತು. ಅವರು ಕೊಡಲಿಲ್ಲ.

ಮಧ್ಯಾವಧಿಯ ರಜೆ ಮುಗಿದ ಮೇಲೆ ವಸಿತಿ ಒಂದು ಬೆಳಿಗ್ಗೆ ಬಂದು ತನ್ನ ಹೊಸ ಫ್ಲಾಸ್ಕನ್ನು ಕೌಂಟರಿನ ಮೇಲಿಟ್ಟಳು. "ತಗೋ" ಅಂದಳು, ಮೇಲಿನ ಮಹಡಿಗೆ ಹೋದಳು.

"ನೋಡಿದ್ರಾ ದೀದಿ, ಸೋತುಬಿಟ್ಳು" ಅಂತ ಸೈರುಸಿ ಬೀಗಿದ.

ಸ್ವಲ್ಪ ದಿನ ಬಿಟ್ಟು ಛತ್ರಿ. ಅದು ಅವನಿಂದ ಕಿತ್ತುಕೊಂಡ ಛತ್ರಿಯಲ್ಲ, ಅವಳದೇ, ಹೊಸದು. ಹೊರಗೆ ಸುವಾದ ಮಳೆ ಹುಯ್ಯುತ್ತಿತ್ತು. ಛತ್ರಿ ಇಟ್ಟು, ನೆನೆದುಕೊಂಡೇ ಹಾಸ್ಟೆಲಿಗೆ ನಡೆದಳು. ಮೇಜಿನ ಕೆಳಗೆ ಕಾಲಿಡಲು ಜಾಗವಿಲ್ಲ, ಇದೇನು ಗ್ರಂಥಾಲಯವೋ ಗುಜರಿಯೋ ಅಂತ ನಾನು ಸೈರುಸಿಗೆ ರೇಗಿದೆ. ಅವನು ಹಲ್ಲು ಬಿಟ್ಟ.

ಆಮೇಲಿನ ಶುಕ್ರವಾರ ಬಂತು. ಶುಕ್ರವಾರ ಎಲ್ಲರೂ ಹೂವಿನ ಅಂಗಿ ತೊಡುತ್ತೇವೆ. ಸೈರುಸಿಯದು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ. ವಸಿತಿಯನ್ನು ಕಂಡದ್ದೇ ಅವನು ಎಂದಿನಂತೆ, "ಏನೇ, ಇನ್ನೂ ಇದ್ದೀಯಾ?" ಅಂದ. ಅವಳು ಹೆಗಲಿನಿಂದ ಯುಕುಲೇಲಿ ಬಿಚ್ಚಿ ಅವನ ಮುಂದಿಟ್ಟಳು.

"ಇದನ್ನ ಮಳೇಲಿ ನೆನೆಸ್ಬೇಡ" ಅಂದಳು. "ಮೇಲಿನ ತಂತಿ ಬೇಗ ಸಡಿಲ ಆಗುತ್ತೆ. ನೋಡ್ಕೊ."

ಸೈರುಸಿಗೆ ಆಕಾಶ ಮೂರೇ ಗೇಣು. ಅದನ್ನು ಮಗುವಿನಂತೆ ಎತ್ತಿಕೊಂಡು ಟೀ ಕೋಣೆಗೆ ಓಡಿದ. ಎರಡು ಸಲ ತಂತಿ ಮೀಟಿದ ಸದ್ದು ಕೇಳಿತು. ಆಮೇಲೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತ.

"ದೀದಿ, ಅವಳು ನನ್ನ ಬೈಲಿಲ್ಲ."

"ದೊಡ್ಡ ಪುಣ್ಯ. ಒಂದು ದಿನವಾದ್ರೂ ಇಲ್ಲಿ ಶಾಂತಿ ಇತ್ತು."

ಅವನು ನಗಲಿಲ್ಲ. "ಛತ್ರಿ ಕೊಟ್ಟಾಗ್ಲೂ ಬೈಲಿಲ್ಲ. ಫ್ಲಾಸ್ಕ್ ಕೊಟ್ಟಾಗ್ಲೂ ಇಲ್ಲ. ನನ್ನದು ಒಂದನ್ನಾದ್ರೂ ತಗೊಂಡು ಹೋದ್ಲಾ? ಇಲ್ಲ." ಅವನು ಕೈಯಲ್ಲಿದ್ದ ಯುಕುಲೇಲಿಯನ್ನು ನೋಡಿದ. "ಇದು ನಾನು ಕಿತ್ಕೊಂಡಿದ್ದಲ್ಲ ದೀದಿ. ಅವಳು ಕೊಟ್ಟಿದ್ದು."

ನಾನು ಕುರ್ಚಿಯಿಂದ ಎದ್ದೆ.

ಕೌಂಟರನ್ನು ಹೊಸದಾಗಿ ಸೇರಿದ್ದ ಸಹಾಯಕಿಯ ಕೈಗೆ ಕೊಟ್ಟು ಇಬ್ಬರೂ ಹೊರಟೆವು. ಹೊರಡುವ ಮೊದಲು ಸೈರುಸಿ ಮೇಜಿನ ಕೆಳಗೆ ಬಗ್ಗಿ ಫ್ಲಾಸ್ಕನ್ನೂ ಛತ್ರಿಯನ್ನೂ ಒಂದು ಚೀಲಕ್ಕೆ ತುರುಕಿಕೊಂಡ. ಯಾಕೆ ಅಂತ ಆಗ ನನಗೆ ತಿಳಿಯಲಿಲ್ಲ. ನಾನು ನಡೆಯುತ್ತಲೇ ಕೌನ್ಸೆಲರ್ ಲುಸಿಯಾನಾಗೆ ಫೋನ್ ಮಾಡಿದೆ. "ಎಲ್ಲಿದಾಳೆ ಗೊತ್ತಾದ ಕೂಡ್ಲೇ ತಿಳ್ಸಿ, ಕಾರಲ್ಲಿ ಬರ್ತೀನಿ. ಅಲ್ಲೀವರೆಗೆ ಒಬ್ಬಳನ್ನೇ ಬಿಡ್ಬೇಡಿ" ಅಂದಳು. ಹಾಸ್ಟೆಲಿನ ಗೇಟಿನ ಕಾವಲಿನವನ ಎದೆಯ ಮೇಲೂ ಹಸಿರು ಬಿಲ್ಲೆ ಇತ್ತು. ಅವನು ಸಮುದ್ರದ ಕಡೆ ಕೈ ತೋರಿಸಿದ. "ಬುಲಾ ಅಂತ ನಮಸ್ಕಾರ ಹೇಳ್ದೆ, ತಿರುಗಿ ನೋಡ್ಲಿಲ್ಲ. ನಾನೇ ಯಾರನ್ನಾದ್ರೂ ಕಳಿಸೋಣ ಅಂತಿದ್ದೆ."

ಇಳಿತದ ಹೊತ್ತು. ತಡೆಗೋಡೆಯ ಆಚೆ ಬರೀ ಕೆಸರು, ದೂರದಲ್ಲಿ ನಾಲ್ಕಾರು ಹೆಂಗಸರು ಬಗ್ಗಿ ಚಿಪ್ಪು ಆರಿಸುತ್ತಿದ್ದರು. ವಸಿತಿ ಗೋಡೆಯ ಮೇಲೆ ಕೂತಿದ್ದಳು. ಅವಳನ್ನು ಕಂಡ ಕೂಡಲೇ ನಾನು ಫೋನ್ ತೆಗೆದೆ. ಲುಸಿಯಾನಾಗೆ ಜಾಗ ತಿಳಿಸಿದೆ. ವಸಿತಿಯ ಚೀಲದ ಪಟ್ಟಿಗೆ ಆ ಹಸಿರು ಬಿಲ್ಲೆ ಚುಚ್ಚಿತ್ತು.

ಸೈರುಸಿ ದಾರಿಯುದ್ದಕ್ಕೂ ಪಾಠ ಒಪ್ಪಿಸುವವನಂತೆ ಆ ಪ್ರಶ್ನೆಯನ್ನು ಗೊಣಗಿಕೊಂಡು ಬಂದಿದ್ದ. ಅವಳ ಮುಂದೆ ನಿಂತ, ಬಾಯಿ ತೆರೆದ. ಬಂದದ್ದು ಅಭ್ಯಾಸದ ಮಾತು.

"ಇನ್ನೂ ಇದ್ದೀಯಾ?"

ವಸಿತಿ ನಕ್ಕಳು. ಅವನು ಮತ್ತೆ ಶುರುಮಾಡಿದ. "ಅದಲ್ಲ. ನೋಡು, ವಸಿತಿ. ಸಾಯ್ಬೇಕು ಅಂತ ಯೋಚನೆ ಮಾಡ್ತಿದೀಯಾ ನೀನು?"

"ಮೊದಲು ನೀನು ನಡಿ. ಹಿರಿಯ ಅಲ್ವಾ, ದಾರಿ ಬಿಡ್ತೀನಿ."

"ತಮಾಷೆ ಅಲ್ಲ ಇದು. ನಿಜವಾಗ್ಲೂ ಕೇಳ್ತಿದೀನಿ. ಸಾಯ್ಬೇಕು ಅನ್ನಿಸ್ತಿದೆಯಾ?"

"ನಿನ್ನ ಈ ಅಂಗಿ ನೋಡಿದ ಮೇಲೆ ಯಾರಿಗೆ ಅನ್ಸಲ್ಲ?"

ಅವಳು ನಗುತ್ತಲೇ ಇದ್ದಳು. ಕಣ್ಣು ಮಾತ್ರ ಕೆಸರಿನ ಕಡೆಗೇ ಇತ್ತು. ಬ್ರೊನ್ವಿನ್ ಕಲಿಸಿದ ಮಾತು ಸರಿಯಾದದ್ದೇ. ಆದರೆ ಇವರಿಬ್ಬರ ನಡುವೆ ಆ ಮಾತನ್ನು ಎರಡು ವರ್ಷ ದಿನಾ ಆಡಿ ಆಡಿ ಅದರಲ್ಲಿ ಏನೂ ಉಳಿದಿರಲಿಲ್ಲ. ಅವನು ಎಷ್ಟು ಸಲ ಕೇಳಿದರೂ ಅವಳಿಗೆ ಅದು ತೌವು ಹೇಳುವ ನಮಸ್ಕಾರ.

ಸೈರುಸಿ ನನ್ನ ಕಡೆ ತಿರುಗಿದ. "ದೀದಿ, ನೀವು ಕೇಳಿ. ನನ್ನ ಬಾಯಲ್ಲಿ ಅದು ಹಾಳಾಗಿ ಹೋಗಿದೆ."

ನಾನು ಕೇಳಿದೆ. ಟೀ ಕುಡೀತೀಯಾ ಅನ್ನದೆ, ಅದೇ ಶಬ್ದದಲ್ಲಿ ಕೇಳಿದೆ. ವಸಿತಿ ತಟ್ಟನೆ ಗೋಡೆಯಿಂದ ಇಳಿದು, ತಲೆ ತಗ್ಗಿಸಿ ನಿಂತಳು.

"ಇಲ್ಲ ಮೇಡಂ. ಚೆನ್ನಾಗಿದೀನಿ ಮೇಡಂ. ಥ್ಯಾಂಕ್ಯೂ ಮೇಡಂ."

ಪುಸ್ತಕದ ಗಡುವು ಮೀರಿದವರು ನನ್ನ ಮುಂದೆ ನಿಲ್ಲುವುದು ಹೀಗೇ. ನಾನು ಅವಳಿಗೆ ಹಿರಿಯಳು, ಬೇರೆ ಜನದವಳು, ಮೇಲಾಗಿ ಸಿಡುಕಿ. ನನಗೆ ಮರ್ಯಾದೆ ಸಿಕ್ಕಿತು, ಅವನಿಗೆ ತಮಾಷೆ ಸಿಕ್ಕಿತು. ನಿಜ ಇಬ್ಬರಿಗೂ ಸಿಗಲಿಲ್ಲ. ಅವಳು ಚೀಲ ಎತ್ತಿಕೊಂಡು, "ಬರ್ತೀನಿ ಮೇಡಂ" ಅಂದಳು. ನನಗೆ ಭಯವಾಯಿತು. ಹಿಡಿದು ನಿಲ್ಲಿಸಲು ಅವಳ ಕೈ ಹಿಡಿಯಬೇಕೋ ಬೇಡವೋ ತಿಳಿಯಲಿಲ್ಲ.

ಆಗ ಸೈರುಸಿ ಒದ್ದೆ ಹುಲ್ಲಿನ ಮೇಲೆ ಕೂತ. ತನ್ನ ತಲೆ ಅವಳ ಮೊಣಕಾಲಿಗಿಂತ ಕೆಳಗೆ ಬರುವಂತೆ ಬೆನ್ನು ಬಗ್ಗಿಸಿ, ಕಾಲು ಮಡಚಿ ಕೂತ. ಊರಿನ ಮುಖ್ಯಸ್ಥನ ಮುಂದೆ, ಅದೂ ಹೆಣದ ಮನೆಯಲ್ಲೋ ತಪ್ಪೊಪ್ಪಿಕೊಳ್ಳಲು ಹೋದಾಗಲೋ ಕೂರುವ ರೀತಿ ಅದು. ಅಂಗೈ ಬೊಗಸೆ ಮಾಡಿ ಮೆಲ್ಲಗೆ ಮೂರು ಸಲ ತಟ್ಟಿದ. ಆಮೇಲೆ ಫ್ಲಾಸ್ಕ್, ಛತ್ರಿ, ಯುಕುಲೇಲಿ, ಒಂದೊಂದನ್ನೇ ಅವಳ ಕಾಲ ಬಳಿ ಇಟ್ಟ.

"ಏನ್ ಮಾಡ್ತಿದೀಯಾ? ಏಳೋ! ಹುಚ್ಚು ಹಿಡೀತಾ?" ವಸಿತಿಯ ದನಿ ಏರಿತು.

"ಇದೆಲ್ಲಾ ವಾಪಸ್ ಕೊಡ್ತಿದೀನಿ" ಅಂದ ಸೈರುಸಿ. ತಲೆ ಎತ್ತಲಿಲ್ಲ. "ನಮ್ಮೂರು ನಿಮ್ಮೂರಿಗೆ ತೌವು. ಅದು ಇರುತ್ತೆ. ಆದ್ರೆ ನಾನು ಇವತ್ತಿಂದ ನಿಮಗೆ ತೌವು ಅಲ್ಲ. ಬೈಯೋ ಹಕ್ಕು ಬಿಟ್ಟೆ. ಕಿತ್ಕೊಳ್ಳೋ ಹಕ್ಕು ಬಿಟ್ಟೆ. ಈಗ ನಾನು ಬರೀ ಸೈರುಸಿ, ನಿಮ್ಮನ್ನ ಒಂದು ಮಾತು ಕೇಳೋಕೆ ಬಂದಿದೀನಿ."

"ನನ್ನ ನೀವು ಅನ್ಬೇಡ!" ವಸಿತಿ ಎರಡೂ ಕಿವಿ ಮುಚ್ಚಿಕೊಂಡಳು. "ಹಾಗೆಲ್ಲಾ ಅನ್ಬೇಡ ತೌ. ಇದನ್ನೆಲ್ಲಾ ತಗೋ. ನಿನಗೇ ಅಂತ ಕೊಟ್ಟಿದ್ದು ಅದು. ತಗೋ!"

"ತೌವು ಇಲ್ಲ ಇಲ್ಲಿ. ವಸಿತಿ, ನೀವು ಸಾಯ್ಬೇಕು ಅಂತ ಯೋಚನೆ ಮಾಡ್ತಿದೀರಾ?"

ಗಾಳಿಗೆ ಛತ್ರಿ ಉರುಳಿತು. ಯಾರೂ ಅದನ್ನು ಹಿಡಿಯಲಿಲ್ಲ. ವಸಿತಿ ಅವನ ಬಗ್ಗಿದ ತಲೆಯನ್ನು ನೋಡುತ್ತ ನಿಂತಳು, ಬೈಗುಳಕ್ಕಾಗಿ ತಡಕಾಡುವವಳಂತೆ ತುಟಿ ಆಡಿಸಿದಳು. ಏನೂ ಬರಲಿಲ್ಲ. ಅವಳೂ ಹುಲ್ಲಿನ ಮೇಲೆ ಕುಸಿದು ಕೂತಳು. ಆಗ ಸೈರುಸಿ ತಲೆ ಎತ್ತಿದ. ಅವಳು ಅವನ ಮುಖ ನೋಡಿಕೊಂಡು ಹುಬ್ಬು ಎತ್ತಿದಳು.

ಅವನು ಗಾಬರಿ ಬೀಳಲಿಲ್ಲ, ಉಪದೇಶ ಮಾಡಲಿಲ್ಲ. "ಹೇಳಿದ್ದಕ್ಕೆ ವಿನಾಕಾ, ದೊಡ್ಡ ಉಪಕಾರ ಆಯ್ತು" ಅಂದ. ಉಳಿದ ಪ್ರಶ್ನೆಗಳನ್ನೂ ಕಲಿಸಿದ ಹಾಗೆಯೇ ಒಂದೊಂದಾಗಿ ಕೇಳಿದ, ಎಲ್ಲವೂ ನೀವು ಅಂತಲೇ. ಅವಳು ಒಮ್ಮೆ ಹುಬ್ಬಿನಲ್ಲಿ, ಒಮ್ಮೆ ಅಳುವಿನ ನಡುವೆ ಎರಡು ಮಾತಿನಲ್ಲಿ ಉತ್ತರ ಕೊಟ್ಟಳು. ನಾನು ಛತ್ರಿ ತಂದು ಇಬ್ಬರ ಮೇಲೂ ಹಿಡಿದು ನಿಂತೆ. ಮಳೆ ಇನ್ನೂ ಬಂದಿರಲಿಲ್ಲ, ಆದರೆ ನನಗೆ ಬೇರೆ ಕೆಲಸ ತೋಚಲಿಲ್ಲ. ಲುಸಿಯಾನಾಳ ಕಾರು ಬಂದಾಗ ವಸಿತಿ ಯುಕುಲೇಲಿಯ ಕತ್ತು ಬಿಗಿಯಾಗಿ ಹಿಡಿದುಕೊಂಡೇ ಹತ್ತಿದಳು.

ಅವಳು ಕೆಲವು ದಿನ ಆಸ್ಪತ್ರೆಯಲ್ಲಿದ್ದಳು, ಆಮೇಲೆ ನಸಿನುವಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ. ಅವಳ ತಾಯಿ ಹಡಗು ಹತ್ತಿ ಬಂದರು. ಆಗ ತಿಳಿದದ್ದು ಇಷ್ಟು: ಅವಳು ಕ್ಲಾಸಿಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಊರಿನ ಇಗರ್ಜಿಯಲ್ಲಿ ಪ್ರತಿ ಭಾನುವಾರ ಅವಳ ಪದವಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು, ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಇದೊಂದೇ ಕಾರಣ ಅಂತ ಲುಸಿಯಾನಾ ಬೊಟ್ಟು ಮಾಡಲಿಲ್ಲ. ಹಾಗೆ ಒಂದೇ ಇರುವುದೂ ಇಲ್ಲವಂತೆ.

ಸೈರುಸಿಯ ಕಡೆ ಬೇರೆಯೇ ನಡೆಯಿತು. ಚಿಪ್ಪು ಆರಿಸುತ್ತಿದ್ದ ಹೆಂಗಸರಿಂದ ಸುದ್ದಿ ಹೋಗಿತ್ತೋ ಏನೋ, ಸುವಾದಲ್ಲಿರುವ ಅವನ ಊರಿನ ಹಿರಿಯರು ಅವನನ್ನು ಯಂಗೋನದ ಬಟ್ಟಲಿನ ಮುಂದೆ ಕೂರಿಸಿಕೊಂಡು ತರಾಟೆಗೆ ತೆಗೆದುಕೊಂಡರು. ಎರಡು ದ್ವೀಪಕ್ಕೆ ಸೇರಿದ್ದನ್ನು ಬಿಟ್ಟುಕೊಡಲು ನಿನಗೆ ಅಧಿಕಾರ ಕೊಟ್ಟವರು ಯಾರು ಅಂತ ಕೇಳಿದರಂತೆ. ಯಾಕೆ ಬಿಟ್ಟೆ ಅಂತ ಇವನು ಹೇಳಲಿಲ್ಲ. ಅದು ಆ ಹುಡುಗಿಯ ಮಾತು, ನನ್ನದಲ್ಲ ಅಂತ ನನಗಂದ. ಸುಮ್ಮನೆ ಬೈಸಿಕೊಂಡು ಬಂದ. ಕೌಂಟರಿನಲ್ಲಿ ಅವನು ಮಾತು ಕಡಿಮೆ ಮಾಡಿದ. ಯಾರೂ ದೂರು ತರಲಿಲ್ಲ.

ಮುಂದಿನ ಸೆಮಿಸ್ಟರಿಗೆ ವಸಿತಿ ಮರಳಿ ಬಂದಳು. ಒಂದೇ ವಿಷಯ ತೆಗೆದುಕೊಂಡಿದ್ದಳು. ಅವಳು ಕೌಂಟರಿನ ಹತ್ತಿರ ಬಂದಾಗ ಸೈರುಸಿ ಎದ್ದು ನಿಂತ.

"ಬುಲಾ, ವಸಿತಿ. ಹೇಗಿದ್ದೀರಿ?"

"ಚೆನ್ನಾಗಿದೀನಿ. ನೀವು?"

"ದೇವರ ದಯ."

ಪುಸ್ತಕ ಕೊಟ್ಟ, ಅವಳು ತೆಗೆದುಕೊಂಡು ಹೋದಳು. ಮರುದಿನವೂ ಹಾಗೆಯೇ, ಅದರ ಮಾರನೆಯ ದಿನವೂ. ಬ್ಯಾಂಕಿನಲ್ಲಿ ಕೂಡ ಜನ ಇದಕ್ಕಿಂತ ಸಲಿಗೆಯಿಂದ ಮಾತಾಡುತ್ತಾರೆ. ಎರಡು ವರ್ಷ ಇವರ ಬಾಯಿ ಮುಚ್ಚಿಸಲು ಹೆಣಗಿದವಳು ನಾನೇ, ಆದರೆ ಈ ಮರ್ಯಾದೆಯನ್ನು ನೋಡುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಅವಳು ಹೋದ ಮೇಲೆ ಅವನು ಮುದ್ರೆ ಒತ್ತುವ ರಭಸಕ್ಕೆ ಮೇಜು ಅಲುಗುತ್ತಿತ್ತು.

ಒಂದು ಮಧ್ಯಾಹ್ನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ವಸಿತಿ ಪುಸ್ತಕ ತೆಗೆದುಕೊಂಡವಳು ಹೋಗದೆ ಅಲ್ಲೇ ನಿಂತಳು.

"ಕೇಳಲ್ವಾ?" ಅಂದಳು.

"ಏನನ್ನ?"

"ದಿನಾ ಕೇಳ್ತಿದ್ದೆಯಲ್ಲ, ಅದನ್ನ."

ಸೈರುಸಿ 'ನೀನು' ಬಂದದ್ದನ್ನು ಗಮನಿಸಿದ. ನಾನೂ ಗಮನಿಸಿದೆ. "ಅದನ್ನ ಕೇಳೋ ಹಕ್ಕು ನನಗಿಲ್ಲ" ಅಂದ. "ಬಿಟ್ಟುಕೊಟ್ಟಿದೀನಿ."

"ನೀನು ಬಿಟ್ಟೆ. ನಾನು ಯಾವಾಗ ಬಿಟ್ಟೆ?"

ಅವನು ಕೈಯಲ್ಲಿದ್ದ ಮುದ್ರೆಯನ್ನು ಕೆಳಗಿಟ್ಟ.

"ಕೇಳೋ, ಮುದುಕ."

ಸೈರುಸಿ ಅಂಗಿಯ ಗುಂಡಿ ಸರಿಮಾಡಿಕೊಂಡ, ನನ್ನ ಕಡೆ ನೋಡಿದ. ನಾನು ಹುಬ್ಬು ಎತ್ತಿದೆ. ಅವನು ಕೇಳಿದ, ಇಷ್ಟು ವರ್ಷದಲ್ಲಿ ಎಂದೂ ಕೇಳದಷ್ಟು ಮೆಲ್ಲಗೆ.

"ಇನ್ನೂ ಇದ್ದೀಯಾ?"

"ಇದ್ದೀನಿ" ಅಂದಳು ವಸಿತಿ.

ಬೈಗುಳ ಬರುತ್ತದೆ ಅಂತ ಅವನು ಕಾದ. ಬರಲಿಲ್ಲ. ಅದರ ಬದಲು ಅವಳು ಕೌಂಟರಿನ ಮೇಲೆ ಬಗ್ಗಿ, ಅವನ ಊಟದ ಡಬ್ಬಿಯನ್ನು, ಒಳಗಿದ್ದ ಮರಗೆಣಸು ಮೀನಿನ ಸಮೇತ, ಎತ್ತಿಕೊಂಡು ಬಾಗಿಲ ಕಡೆ ನಡೆದಳು.

"ಕಳ್ಳೀ!" ಸೈರುಸಿಯ ಕೂಗಿಗೆ ಮೂರು ಮಹಡಿಯ ತಲೆಗಳೂ ಮೇಲೆದ್ದವು. "ಕಳ್ಳೀ! ಹಿಡೀರಿ ಅವಳನ್ನ!" ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. 'ಶ್' ಅನ್ನುವುದು ನನ್ನ ಕೆಲಸ. ನಾನು ಅನ್ನಲಿಲ್ಲ.

ಆ ಮಧ್ಯಾಹ್ನ ನನ್ನ ಡಬ್ಬಿಯಲ್ಲಿದ್ದ ನಾಲ್ಕು ರೊಟ್ಟಿಯಲ್ಲಿ ಮೂರನ್ನು ಅವನೇ ತಿಂದ.